ದಾರಕ್ಕೆ ಎಷ್ಟಾಯಿತು?

ಕ್ರೋಶಾ ಕಡ್ಡಿ ಹಿಡಿದ ಹೆಂಗಸು ತನ್ನ ಆಯುಷ್ಯದಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಳ್ಳುವ ಪ್ರಶ್ನೆ ಯಾವುದು ಗೊತ್ತೇ? "ಅಯ್ಯೋ, ಎಷ್ಟು ಚೆನ್ನಾಗಿದೆಯಲ್ರೀ, ನೀವೇ ಹಾಕಿದ್ದಾ?" ಎಂಬ ಮೊದಲ ಉದ್ಗಾರ ಮುಗಿಯುವ ಮುಂಚೆಯೇ ಬರುವ ಎರಡನೆಯ ಮಾತು: "ದಾರಕ್ಕೆ ಎಷ್ಟಾಯಿತು?" ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಹೂವು ಚೆನ್ನಾಗಿದೆ, ತನಗೂ ಒಂದು ಬೇಕು, ದಾರದ ದುಡ್ಡು ಕೊಟ್ಟರೆ ಸಾಕಲ್ಲ ಎಂಬ ಸರಳ ಲೆಕ್ಕ. ಈ ಸರಳ ಲೆಕ್ಕದ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಆ ಸಿಟ್ಟಿನಲ್ಲಿ ನನ್ನ ಪಾಲಿಗೆ ಬರುವುದನ್ನೂ ಸೇರಿಸಿ ಇವತ್ತು ಬರೆದುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ವಾರ್ಷಿಕೋತ್ಸವ. ಅತಿಥಿಗಳ ಎದೆಗೂ, ಆರತಿ ಹಿಡಿದು ನಿಲ್ಲುವ ಹುಡುಗಿಯರ ಜಡೆಗೂ ಕ್ರೋಶಾ ಗುಲಾಬಿ ಇದ್ದರೆ ಚಂದ ಎಂದು ಯಾರಿಗೋ ಹೊಳೆಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಒಟ್ಟು 40 ಹೂವು. ರಾತ್ರಿ ಅಡುಗೆಮನೆ ತೊಳೆದು, ನೋಟ್ ಬುಕ್ ತಿದ್ದಿ, ಮನೆಯವರೆಲ್ಲ ಮಲಗಿದ ಮೇಲೆ ನಾನು ಕಡ್ಡಿ ಹಿಡಿಯುತ್ತಿದ್ದೆ. ಒಂದು ಹೂವಿಗೆ ಮುಕ್ಕಾಲು ಗಂಟೆ ಎಂದರೂ 30 ಗಂಟೆಯಾಯಿತು. ಸಮಾರಂಭ ಮುಗಿದು ಲೆಕ್ಕಪತ್ರಕ್ಕೆ ಕುಳಿತಾಗ, "ಮೇಡಂ, ದಾರಕ್ಕೆ ಎಷ್ಟಾಯಿತು ಬರೆದುಕೊಡಿ" ಎಂದರು. ದಾರ, ಪಿನ್ನು ಸೇರಿ 320 ರೂಪಾಯಿ ಎಂದು ಬರೆದೆ. ಅದೇ ಫೈಲಿನಲ್ಲಿ ಶಾಮಿಯಾನದವರ ಕೂಲಿ ಇತ್ತು, ಹಾರ ಕಟ್ಟಿದವರ ಕೂಲಿ ಇತ್ತು. ಮೈಕ್ ಸೆಟ್ಟಿನ ಹುಡುಗ ಕುರ್ಚಿಯ ಮೇಲೆ ಕುಳಿತು ತೂಕಡಿಸಿದ ಹೊತ್ತಿಗೂ ಕೂಲಿ ಇತ್ತು. ನನಗೆ ವೇದಿಕೆಯ ಮೇಲೆ ಕರೆದು ಶಾಲು ಹೊದಿಸಿದ್ದರು. ಆ ಶಾಲಿನ ಬಿಲ್ಲೂ ಅಲ್ಲೇ ಇತ್ತು.

ನಾನು ಏನು ಮಾಡಿದೆ? ವೋಚರಿಗೆ ಸಹಿ ಹಾಕಿ, ಸಂತೋಷವಾಗಿ ಮನೆಗೆ ಬಂದೆ. ಆಗ ನನಗೆ ಸಿಟ್ಟೂ ಬರಲಿಲ್ಲ.

ಒಂದು ಹೂವಿನಲ್ಲಿ ಏನಿರುತ್ತದೆ ಎಂದು ಮೊದಲು ನೋಡೋಣ. ಏಳನೆಯ ತರಗತಿಯ ಬೇಸಿಗೆ ರಜೆಯಲ್ಲಿ ದೊಡ್ಡಮ್ಮ ನನಗೆ ಕಲಿಸಿದ ಗುಲಾಬಿ ಇದು. ಆರು ಚೈನು ಹಾಕಿ ಉಂಗುರ ಮಾಡಬೇಕು. ಉಂಗುರದ ಸುತ್ತ ಆರು ಕಮಾನು. ಒಂದೊಂದು ಕಮಾನಿನೊಳಗೆ ಒಂದು ಗಿಡ್ಡ ಹೆಣಿಗೆ, ಒಂದು ಅರ್ಧ ಕಂಬ, ಮೂರು ಕಂಬ, ಮತ್ತೆ ಅರ್ಧ ಕಂಬ, ಮತ್ತೆ ಗಿಡ್ಡ ಹೆಣಿಗೆ. ಅಲ್ಲಿಗೆ ಒಂದು ಎಸಳು. ಆರು ಎಸಳಾದ ಮೇಲೆ ಅವುಗಳ ಬೆನ್ನ ಹಿಂದೆ ಕಾಣದಂತೆ ಇನ್ನೂ ಆರು ಕಮಾನು ಕಟ್ಟಿ, ಎಸಳಿಗೆ ಐದು ಕಂಬದಂತೆ ಎರಡನೆಯ ಸುತ್ತು. ಅದರ ಹಿಂದೆ ಏಳು ಕಂಬದಂತೆ ಮೂರನೆಯದು. ಒಟ್ಟು 18 ಎಸಳು. ಎಸಳಿನ ಹೆಣಿಗೆಗಳೇ 162, ಕಮಾನುಗಳನ್ನು ಲೆಕ್ಕಕ್ಕೆ ಹಿಡಿಯದೆ. ನಡುವೆ ಗಂಡ ಕಾಫಿ ಕೇಳಿ, ಬಾಗಿಲಿಗೆ ಯಾರೋ ಬಂದು, ಎಣಿಕೆ ತಪ್ಪಿತೋ ಬಿಚ್ಚಬೇಕು.

ಹೆಣೆದ ಮಾತ್ರಕ್ಕೆ ಹೂವಾಗುವುದಿಲ್ಲ, ಅದಕ್ಕೆ ಆಕಾರ ಬರಬೇಕು. ಸುತ್ತಿಗೆ ಹೆಣಿಗೆ ಕಡಿಮೆಯಾದರೆ ಅಂಚು ಬಟ್ಟಲಿನಂತೆ ಒಳಕ್ಕೆ ಬಾಗುತ್ತದೆ. ಸರಿಯಾಗಿ ಬಿದ್ದರೆ ತಟ್ಟೆಯಂತೆ ಚಪ್ಪಟೆ ಕೂರುತ್ತದೆ. ಹೆಚ್ಚಾದರೆ ಅಂಚೆಲ್ಲ ನೆರಿಗೆಯಾಗಿ ಅಲೆಯುತ್ತದೆ. ಮೊಗ್ಗಿಗೆ ಮೊದಲನೆಯದು ಬೇಕು, ಸೂರ್ಯಕಾಂತಿಯ ನಡುವಿಗೆ ಎರಡನೆಯದು, ಕೋಳಿಜುಟ್ಟಿನ ಹೂವಿಗೆ ಮೂರನೆಯದು. ಈ ಮೂರನೆಯದರಲ್ಲಿ ದೊಡ್ಡ ಗಣಿತವೇ ಅಡಗಿದೆ ಎಂದು ನನಗೆ ಹೇಳಿದವರು ನಮ್ಮ ಗಣಿತದ ಮೇಷ್ಟ್ರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ, ಹೈಪರ್ಬಾಲಿಕ್ ಜ್ಯಾಮಿತಿಯ ಕಾಗದದ ಮಾದರಿಗಳು ಬಾಳಿಕೆ ಬರುವುದಿಲ್ಲವೆಂದು, ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರಂತೆ. ಆಕೆ ಮಾಡಿದ್ದು ಸುತ್ತು ಸುತ್ತಿಗೂ ಒಂದೇ ಪ್ರಮಾಣದಲ್ಲಿ ಹೆಣಿಗೆ ಹೆಚ್ಚಿಸುತ್ತಾ ಹೋದದ್ದು. ನಮ್ಮ ದೊಡ್ಡಮ್ಮ ಕೋಳಿಜುಟ್ಟಿಗೆ ಮಾಡುತ್ತಿದ್ದದ್ದೂ ಅದನ್ನೇ. ಅಲ್ಲಿ ಅದಕ್ಕೆ ಗಣಿತವೆಂದು ಹೆಸರು, ನಮ್ಮ ಹಜಾರದಲ್ಲಿ ಅದಕ್ಕೆ ಟೈಂಪಾಸ್ ಎಂದು ಹೆಸರು.

ಹತ್ತಿ ದಾರದ ಹೂವಾದರೆ ಮೈದಾ ಗಂಜಿಯನ್ನೋ ಸಬ್ಬಕ್ಕಿ ಗಂಜಿಯನ್ನೋ ತೆಳ್ಳಗೆ ಕಾಯಿಸಿ ಅದ್ದಿ, ಹಿಂಡಿ, ಥರ್ಮೋಕೋಲಿನ ಮೇಲೆ ಎಸಳೆಸಳಿಗೂ ಗುಂಡುಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಬೇಕು. ಅರೆ ಒಣಗಿದಾಗ ಪೆನ್ಸಿಲ್ಲಿಗೆ ಸುತ್ತಿ ಅಂಚು ಹೊರಳಿಸಬೇಕು. ಸಕ್ಕರೆ ಪಾಕವೂ ಗಟ್ಟಿ ನಿಲ್ಲಿಸುತ್ತದೆ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಆ ಪ್ರಯೋಗ ಮಾಡಿದ ನನ್ನ ಹೂವನ್ನು ಇರುವೆಗಳು ಮೆರವಣಿಗೆಯಲ್ಲಿ ಬಂದು ನೋಡಿಕೊಂಡು ಹೋದವು. ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವ ಅಕ್ರಿಲಿಕ್ ದಾರಕ್ಕೆ ಗಂಜಿ ಅಷ್ಟಾಗಿ ಹಿಡಿಯುವುದಿಲ್ಲ, ಬಿಸಿ ಇಸ್ತ್ರಿ ತಾಗಿಸಿದರೆ ಜೀವ ಕಳೆದುಕೊಂಡು ಜೋತುಬೀಳುತ್ತದೆ. ಅದಕ್ಕೆ ಅಂಚಿನೊಳಗೆ ತೆಳ್ಳನೆಯ ತಂತಿ ಸೇರಿಸಿ ಹೆಣೆಯಬೇಕು. ಕಡೆಗೆ ಎಲೆ ಜೋಡಿಸಿ, ಹಿಂದೆ ದುಂಡನೆಯ ಬಟ್ಟೆ ಕೊಟ್ಟು, ಕ್ಲಿಪ್ಪನ್ನೋ ಪಿನ್ನನ್ನೋ ಹೊಲಿಯಬೇಕು. ಈಗ ಹೇಳಿ, ಇದರಲ್ಲಿ ದಾರದ ಪಾಲು ಎಷ್ಟು?

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಸ್ವೆಟರ್ ಹೆಣೆಯುವ ಯಂತ್ರವಿದೆ, ಲೇಸು ಮಾಡುವ ಯಂತ್ರವಿದೆ. ಕೈಯ ಕ್ರೋಶಾವನ್ನು ಹಾಗೆಯೇ ಹೆಣೆದು ರಾಶಿ ಹಾಕುವ ಯಂತ್ರ ಇವತ್ತಿಗೂ ಬಂದಿಲ್ಲ. ಹತ್ತಿರದ ಹೋಲಿಕೆಯ ಬಟ್ಟೆ ನೇಯುವ ಯಂತ್ರಗಳಿವೆ, ಅಷ್ಟೇ. ಹಾಗಾದರೆ ದೊಡ್ಡ ಅಂಗಡಿಯಲ್ಲಿ 30 ರೂಪಾಯಿಗೆ ತೂಗುಹಾಕಿದ ಕ್ರೋಶಾ ಹೂವನ್ನು ಕಂಡಾಗ ಅದು ಫ್ಯಾಕ್ಟರಿ ಮಾಲು, ಅದಕ್ಕೇ ಅಗ್ಗ ಎಂದುಕೊಳ್ಳಬೇಡಿ. ಯಾವುದೋ ಊರಿನಲ್ಲಿ ಯಾವಳೋ ಒಬ್ಬಳು ಅದನ್ನು ಎಣಿಸಿ ಎಣಿಸಿ ಹೆಣೆದಿದ್ದಾಳೆ. ಅದು ಅಗ್ಗವಾಗಿರುವುದು ಅವಳಿಗೆ ಕೊಟ್ಟದ್ದು ಕಡಿಮೆಯಾದ್ದರಿಂದ.

ಈಗ ನನ್ನ ತಪ್ಪಿನ ಕಥೆ. ಎರಡು ವರ್ಷದ ಕೆಳಗೆ ಶಿವಮೊಗ್ಗದಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳಕ್ಕೆ ಹೋಗಿದ್ದೆ. ಒಂದು ಮೇಜಿನ ಮೇಲೆ ಗುಲಾಬಿ, ಸೇವಂತಿಗೆ, ದಾಸವಾಳದ ಜಡೆ ಕ್ಲಿಪ್ಪುಗಳು. ಹಿಂದೆ ನಿಂತವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೆಯ ತರಗತಿಯಲ್ಲಿ ನನ್ನ ಹತ್ತಿರವೇ ಕಡ್ಡಿ ಹಿಡಿಯಲು ಕಲಿತವಳು. ಗಂಡನ ಕೆಲಸ ನಿಂತಿತ್ತು, ಮಗುವಿನ ಶಾಲೆಯ ಫೀಸು ಈ ಹೂವಿನಿಂದಲೇ ನಡೆಯಬೇಕಿತ್ತು. ಅವಳು ನಗುತ್ತಾ "ಚೆನ್ನಾಗಿದೀರಾ ಮಿಸ್?" ಎಂದಳು. ನಾನು ಗುಲಾಬಿ ಎತ್ತಿಕೊಂಡು ಬೆಲೆ ಕೇಳಿದೆ. 80 ರೂಪಾಯಿ ಎಂದಳು. ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? "ಏನಮ್ಮಾ, ಎಂಬತ್ತಾ? ದಾರಕ್ಕೆ ಹತ್ತು ರೂಪಾಯಿನೂ ಆಗಿರಲ್ಲ. ನಲವತ್ತಕ್ಕೆ ಕೊಡು."

ಕೊಟ್ಟಳು. ಜೊತೆಗೆ ಒಂದು ಪುಟ್ಟ ಮೊಗ್ಗನ್ನು ಸೇರಿಸಿ, "ಇದು ನಿಮಗೆ ಅಂತ ಮಿಸ್" ಎಂದಳು.

ಮನೆಗೆ ಬಂದು ಹೂವನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಒಂದು ದಾರದ ತುದಿಯೂ ಕಾಣುತ್ತಿರಲಿಲ್ಲ. ಎಲ್ಲವನ್ನೂ ಒಳಗೆ ಸೇರಿಸಿ ಮುಚ್ಚಿದ್ದಳು. "ಹಿಂದುಗಡೆಯೂ ಮುಂದುಗಡೆಯಷ್ಟೇ ಚೊಕ್ಕಟ ಇರಬೇಕು" ಎಂದು ತರಗತಿಯಲ್ಲಿ ಗದರಿಸುತ್ತಿದ್ದವಳು ನಾನೇ. ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ದಾರ, ಕ್ಲಿಪ್ಪು ಸೇರಿ 14 ರೂಪಾಯಿ ಎನ್ನೋಣ. ಉಳಿದದ್ದು 26. ಹೆಣೆದು, ಗಂಜಿ ಹಾಕಿ, ಹೊಲಿದದ್ದಕ್ಕೆ ಒಂದು ಗಂಟೆ. ಗಂಟೆಗೆ 26 ರೂಪಾಯಿ, ಮೇಲೆ ಒಂದು ಮೊಗ್ಗು ಪುಕ್ಕಟೆ. ಅದೇ ವಾರ ಸೀರೆಗೆ ಫಾಲ್ ಹಾಕಿಸಿದ್ದಕ್ಕೆ ಟೈಲರ್ ಹೇಳಿದಷ್ಟನ್ನು ಮರುಮಾತಿಲ್ಲದೆ ಕೊಟ್ಟು ಬಂದಿದ್ದೆ. ಮರುದಿನ ಮೇಳಕ್ಕೆ ಓಡಿದೆ. ಅವಳನ್ನು ಹುಡುಕಿ ಉಳಿದ 40 ರೂಪಾಯಿ ಕೈಗಿಟ್ಟರೆ, "ಬಿಡಿ ಮಿಸ್, ಎಲ್ಲರೂ ಹಾಗೇ ಕೇಳೋದು" ಎಂದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎಲ್ಲರೂ ಹಾಗೇ ಕೇಳುವುದು ಇಂದು ನಿನ್ನೆಯದಲ್ಲ. ನಾನು ಸಮಾಜ ಪಾಠ ಮಾಡುವವಳು, ಎರಡು ಉದಾಹರಣೆ ಕೊಡುತ್ತೇನೆ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂತು. ಆಗ ಅಲ್ಲಿಯ ಎಷ್ಟೋ ಮನೆಗಳನ್ನು ಬದುಕಿಸಿದ್ದು ಹೆಂಗಸರ ಕ್ರೋಶಾ ಕಡ್ಡಿ. 1847ರಲ್ಲಿ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಹೆಂಡತಿ ಕಸ್ಸಾಂಡ್ರಾ ಹ್ಯಾಂಡ್ ಇದನ್ನು ಬಡ ಹೆಂಗಸರಿಗೆ ಕಲಿಸುವ ಏರ್ಪಾಟು ಮಾಡಿದಳು. ಗುಲಾಬಿ, ಎಲೆ, ದ್ರಾಕ್ಷಿ ಗೊಂಚಲುಗಳನ್ನು ಬಿಡಿಬಿಡಿಯಾಗಿ ಹೆಣೆದು, ಆಮೇಲೆ ಬಲೆಯಂಥ ಹೆಣಿಗೆಯಿಂದ ಕೂಡಿಸುವುದು ಅವರ ಪದ್ಧತಿ. ಪದರ ಪದರದ ನಮ್ಮ ಗುಲಾಬಿಯನ್ನು ಇವತ್ತಿಗೂ ಪುಸ್ತಕಗಳಲ್ಲಿ ಐರಿಷ್ ಗುಲಾಬಿ ಎಂದೇ ಕರೆಯುತ್ತಾರೆ. ಹೊಟ್ಟೆಗಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದ ಹೂವಿಗೆ ನಾವು ಹವ್ಯಾಸವೆಂದು ಹೆಸರಿಟ್ಟಿದ್ದೇವೆ.

ಎರಡನೆಯದು ನಮ್ಮ ಪಕ್ಕದ ಆಂಧ್ರದ್ದು. ಗೋದಾವರಿ ಸೀಮೆಯ ನರಸಾಪುರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳಿಂದ ಕ್ರೋಶಾ ಲೇಸು ಬಂತು. ಅಲ್ಲಿಯ ಹೆಂಗಸರು ಮನೆಯಲ್ಲೇ ಕುಳಿತು ಹೆಣೆದದ್ದು ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಆ ಹೆಂಗಸರ ನಡುವೆ ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡದ್ದು ಇಷ್ಟು: ದಿನದಲ್ಲಿ ಗಂಟೆಗಟ್ಟಲೆ ದುಡಿಯುವ ಈ ಹೆಂಗಸರನ್ನು ಯಾರೂ ಕೆಲಸಗಾರರೆಂದು ಕರೆಯುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಹೆಣೆಯುತ್ತಾರೆ, ಅಷ್ಟೇ. ಬಿಡುವಿನ ಕೆಲಸಕ್ಕೆ ಯಾರಾದರೂ ತುಂಬು ಕೂಲಿ ಕೊಡುತ್ತಾರೆಯೇ? ಲಾಭ ವ್ಯಾಪಾರಿಗೆ ಹೋಯಿತು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಂತೋಷ. ಊರಿನ ಹೆಸರಿಗೆ ಸಿಕ್ಕ ಆ ಮಾನ ಹೆಣೆಯುವ ಬೆರಳಿಗೂ ಸಿಗಬೇಕು.

ಇದಕ್ಕೆ ಬರುವ ಉತ್ತರಗಳೆಲ್ಲ ನನಗೆ ಬಾಯಿಪಾಠ. "ಟಿ.ವಿ. ನೋಡ್ತಾ ಹಾಕೋದಲ್ವಾ?" ಎನ್ನುತ್ತಾರೆ. ಅಂಗಡಿಯವನೂ ಟಿ.ವಿ. ನೋಡುತ್ತಲೇ ಅಕ್ಕಿ ತೂಗುತ್ತಾನೆ, ಅವನಿಗೆ ಅರ್ಧ ದುಡ್ಡು ಕೊಟ್ಟು ನೋಡಿ. "ಪ್ರೀತಿಯಿಂದ ಮಾಡೋದಕ್ಕೆ ದುಡ್ಡು ಹೇಗ್ರೀ ಕೇಳೋದು?" ಎನ್ನುತ್ತಾರೆ. ತಂಗಿಯ ಮಗಳ ನಾಮಕರಣಕ್ಕೆ ನಾನಾಗಿ ಹೆಣೆದುಕೊಟ್ಟ ಟೋಪಿ, ಹೂವು ಪ್ರೀತಿ. "ನಮ್ಮ ಮಗಳ ನಿಶ್ಚಿತಾರ್ಥಕ್ಕೆ ಒಂದು ಹದಿನೈದು ಹಾಕಿಕೊಟ್ಟುಬಿಡಿ" ಎಂದು ನೀವಾಗಿ ಕೇಳಿದರೆ ಅದು ಕೆಲಸ. ಈ ಎರಡಕ್ಕೂ ವ್ಯತ್ಯಾಸ ತಿಳಿಯದಷ್ಟು ಮುಗ್ಧರು ನಾವಾರೂ ಅಲ್ಲ.

"ಘಮಘಮಿಸುವ ಮಲ್ಲಿಗೆ ಇರುವಾಗ ನೂಲಿನ ಹೂವಿಗೆ ಯಾರು ಅಷ್ಟು ಕೊಡುತ್ತಾರೆ?" ಎನ್ನುವವರೂ ಇದ್ದಾರೆ. ಮಲ್ಲಿಗೆಯ ಜೊತೆ ನನಗೆ ಜಗಳವಿಲ್ಲ, ನಾನೂ ಮುಡಿಯುವವಳೇ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಗಾಂಧಿ ಬಜಾರಿನಲ್ಲಿ ಮೊಳಕ್ಕೆ ಎಷ್ಟು ಹೇಳಿದರೂ ಗೊಣಗುತ್ತಲೇ ಕೊಟ್ಟು ತರುತ್ತೇವಲ್ಲ, ಮರುದಿನ ರಾತ್ರಿಗೆ ಅದು ಬಾಡಿ ಕಸಕ್ಕೆ ಹೋಗುತ್ತದೆ. ದೊಡ್ಡಮ್ಮ ಹೆಣೆದ ಒಂದು ಬಿಳಿ ಸೇವಂತಿಗೆ ನನ್ನ ಟ್ರಂಕಿನಲ್ಲಿ 40 ವರ್ಷಗಳಿಂದ ಇದೆ. ಒಗೆದು ಗಂಜಿ ಹಾಕಿದರೆ ಇವತ್ತಿಗೂ ಮುಡಿಯಬಹುದು. ಬಾಳುವ ಹೂವಿಗೆ ಮಾತ್ರ ಚೌಕಾಸಿ ಮಾಡುವ ನಮ್ಮ ನ್ಯಾಯ ಯಾವುದು?

ಒಂದು ಕಾಲದಲ್ಲಿ ನಾನೂ, ಹುಡುಗಿಯರಿಗೆ ಸೂಜಿ ದಾರ ಕೊಟ್ಟು ಕೂರಿಸಿ ಹುಡುಗರನ್ನು ಆಟಕ್ಕೆ ಬಿಡುವ ಪದ್ಧತಿಯನ್ನು ಬೈದವಳು. ಈಗಲೂ ಬೈಯುತ್ತೇನೆ. ಕಲಿಸುವುದಾದರೆ ಇಬ್ಬರಿಗೂ ಕಲಿಸಬೇಕು. ಆದರೆ ಕಡ್ಡಿಯ ಮೇಲೆ ನಾನು ಹೊರಿಸುತ್ತಿದ್ದ ಅಪವಾದ ತಪ್ಪು ಎಂದು ಈಗ ಅನ್ನಿಸುತ್ತದೆ. ಹೆಣ್ಣನ್ನು ಮೂಲೆಯಲ್ಲಿ ಕೂರಿಸಿದ್ದು ಅವಳ ಕೆಲಸಕ್ಕೆ ನಾವು ಕಟ್ಟಿದ ಸೊನ್ನೆ ಬೆಲೆ. ಆ ಸೊನ್ನೆಯನ್ನು ಬರೆದವರಲ್ಲಿ ಗಂಡಸರಷ್ಟೇ ಇಲ್ಲ. ಮೇಳದಲ್ಲಿ ಚೌಕಾಸಿ ಮಾಡಿದವಳು ನಾನು, ಬಿ.ಎ., ಬಿ.ಎಡ್. ಮಾಡಿದ ಹೆಂಗಸು.

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂದು ಗಾದೆ. ನಾವು ನಾರಿಗೆ ಬೆಲೆ ಕೊಡುತ್ತೇವೆ, ಕಟ್ಟಿದ ಕೈಯನ್ನು ಬಾಗಿಲಾಚೆ ನಿಲ್ಲಿಸುತ್ತೇವೆ. ಇದನ್ನು ಸರಿಪಡಿಸಲು ಸರ್ಕಾರದ ಯೋಜನೆ ಬೇಕಾಗಿಲ್ಲ. ಹೆಣೆಯುವವರು ಗಡಿಯಾರ ನೋಡಿ ಹೂವಿಗೆ ಹಿಡಿದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡಿ. ದಾರದ ಜೊತೆ ಹೊತ್ತಿಗೂ ಬೆಲೆ ಹಾಕಿ, ನಾಚಿಕೊಳ್ಳದೆ ಹೇಳಿ. ಕೊಳ್ಳುವವರು ಹೇಳಿದ ಬೆಲೆ ಕೊಡಿ, ಇಲ್ಲವೇ ಸುಮ್ಮನೆ ಮುಂದೆ ಹೋಗಿ. ಕೊಳ್ಳದಿರುವುದರಲ್ಲಿ ಅವಮಾನವಿಲ್ಲ.

ಈಗ ನಾನು ಆ ಗುಲಾಬಿಯನ್ನು ಜಡೆಗೆ ಸಿಕ್ಕಿಸಿಕೊಂಡೇ ಶಾಲೆಗೆ ಹೋಗುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಮುಟ್ಟಿ ನೋಡಿ, "ದಾರಕ್ಕೆ ಎಷ್ಟಾಯಿತು?" ಎಂದರೆ, "ದಾರದ್ದು ಗೊತ್ತಿಲ್ಲ, ಹೂವಿಗೆ ಎಂಬತ್ತು. ಮಾಡಿದವಳ ಫೋನ್ ನಂಬರ್ ಕೊಡ್ತೀನಿ, ಬರೆದುಕೊಳ್ಳಿ" ಎನ್ನುತ್ತೇನೆ. ಈವರೆಗೆ ಏಳು ಜನ ಬರೆದುಕೊಂಡಿದ್ದಾರೆ. ಅವರಲ್ಲಿ ಇಬ್ಬರು ಚೌಕಾಸಿ ಮಾಡಿದರಂತೆ. ಅವಳು ಈ ಸಲ ಬೆಲೆ ಇಳಿಸಲಿಲ್ಲವಂತೆ.