ಬೀದಿ ನಾಯಿಗೆ ಇಷ್ಟೊಂದು ಪ್ರಶ್ನೆಯೇ?

‘ಒಂದು ಬೀದಿ ನಾಯಿ ಕೊಡೋಕೆ ಇಷ್ಟೊಂದು ಪ್ರಶ್ನೆನಾ? ಹೆಣ್ಣು ಕೊಡೋರೂ ಇಷ್ಟು ಕೇಳಲ್ಲ ಬಿಡ್ರಿ.’ ಬೆಂಗಳೂರಿನಲ್ಲಿ ನಾಯಿಗಳನ್ನು ದತ್ತು ಕೊಡುವವರೆಲ್ಲ ಕೇಳಿರುವ ಮಾತಿದು. ನಾನೂ ಬೇಕಾದಷ್ಟು ಸಲ ಕೇಳಿದ್ದೇನೆ. ಹೆಣ್ಣು ಕೊಡುವವರು ಇನ್ನಷ್ಟು ಕೇಳಿದ್ದರೆ ಒಳ್ಳೆಯದಿತ್ತು, ಅದು ಬೇರೆ ವಿಷಯ. ನಾಯಿಯ ಮಟ್ಟಿಗಂತೂ ನಾವು ಕೇಳುತ್ತಿರುವುದು ಕಡಿಮೆಯೇ.

ರಕ್ಷಣೆ ಎಂದರೆ ಜನ ನೋಡುವುದು ಚರಂಡಿಯಿಂದ ಮರಿ ಎತ್ತುವ ವಿಡಿಯೊ. ಅದು ಅರ್ಧ ಗಂಟೆಯ ಕೆಲಸ. ಉಳಿದದ್ದು ಯಾರದೋ ಮನೆಯ ಬಾಲ್ಕನಿಯಲ್ಲಿ, ಬಚ್ಚಲಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ: ಜಂತುಹುಳುವಿನ ಔಷಧಿ, ಪಾರ್ವೊ, ಡಿಸ್ಟೆಂಪರ್, ರೇಬೀಸ್ ಲಸಿಕೆಗಳು, ಸಂತಾನಹರಣ ಚಿಕಿತ್ಸೆ. ಇದನ್ನೇ ಫಾಸ್ಟರ್ ಮನೆ ಎನ್ನುವುದು. ನಮ್ಮದೂ ಅಂಥದೊಂದು.

ಕೆಂಚಿ ಬಂದಾಗ ಎರಡು ವರ್ಷದವಳಿರಬಹುದು. ಹಿಂಗಾಲಿನ ಮೇಲೆ ಸ್ಕೂಟರ್ ಹರಿದಿತ್ತು. ನಾಲ್ಕು ದಿನ ಮಂಚದ ಕೆಳಗಿನಿಂದ ಕದಲಲಿಲ್ಲ; ನಾವೆಲ್ಲ ಮಲಗಿದ ಮೇಲೆ ಬಂದು ಮೊಸರನ್ನ ತಿನ್ನುತ್ತಿದ್ದಳು. ಕುಕ್ಕರ್ ಕೂಗಿದರೆ ಮೈಯೆಲ್ಲ ನಡುಕ. ಆ ನಡುಕ ಹೋಗಲು ಏಳು ವಾರ ಹಿಡಿಯಿತು. ಇದನ್ನು ಕಂಡವರು ಮುಂದಿನ ಮನೆಯವರನ್ನು ಪ್ರಶ್ನಿಸದೆ ಬಿಡುವುದು ಹೇಗೆ? ದೊಡ್ಡ ಕಾಂಪೌಂಡಿನ ಮನೆಯ ಯಜಮಾನರೊಬ್ಬರು ಕೇಳಿಕೊಂಡು ಬಂದಿದ್ದರು. ರಾತ್ರಿ ಎಲ್ಲಿ ಮಲಗುತ್ತಾಳೆ ಎಂದೆ. ಗೇಟಿನ ಬಳಿ ಕಟ್ಟಿಹಾಕ್ತೀವಿ ಎಂದರು. ಕೊಡಲಿಲ್ಲ.

‘ಸರಿಹೋಗದಿದ್ರೆ ಬಿಟ್ಟುಬಿಟ್ರಾಯ್ತು, ಬೀದಿ ನಾಯಿ ತಾನೆ’ ಎನ್ನುವವರಿದ್ದಾರಲ್ಲ, ನನಗೆ ರೇಗುವುದು ಅವರ ಮೇಲೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣವಾದ ಬೀದಿ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿಸಬೇಕು. ತನ್ನ ಗಲ್ಲಿಯಲ್ಲಿ ಅನ್ನ ಹಾಕುವ ಕೈ ಯಾವುದು, ಕಲ್ಲೆಸೆಯುವ ಕೈ ಯಾವುದು ಎಂದು ಅದಕ್ಕೆ ಗೊತ್ತು. ಆರು ತಿಂಗಳು ಸೋಫಾ ಮೇಲೆ ಮಲಗಿಸಿ ಗುರುತಿಲ್ಲದ ಲೇಔಟಿನಲ್ಲಿ ಇಳಿಸಿಹೋದರೆ ಅಲ್ಲಿನ ನಾಯಿಗಳೇ ಅದನ್ನು ಹರಿದುಹಾಕುತ್ತವೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಬೀದಿ ನಾಯಿಗಳನ್ನು ದತ್ತು ಪಡೆಯಲು ಪಾಲಿಕೆಗೆ ಅರ್ಜಿ ಹಾಕಬಹುದೆಂದಿತು. ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೇ ಎಂದೂ ಹೇಳಿತು. ಹೊಣೆ ತಪ್ಪಿಸಿಕೊಂಡರೆ? ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋದವರಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅಷ್ಟಕ್ಕೆ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ಬಂದರೆ ಪುಣ್ಯ. ಕಾನೂನಿನ ಕೈ ಇಷ್ಟು ಗಿಡ್ಡವಿರುವಾಗ ಬಾಗಿಲಲ್ಲಿ ನಿಂತು ಕೇಳುವ ನಾಲ್ಕು ಪ್ರಶ್ನೆಯೇ ಆ ನಾಯಿಗಿರುವ ಕಾವಲು.

ಪ್ರಶ್ನೆ ಹೆಚ್ಚಾದರೆ ಬಡವರಿಗೆ ಬಾಗಿಲು ಮುಚ್ಚುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಸಂಬಳ ಎಷ್ಟು, ಸ್ವಂತ ಮನೆಯೇ ಎಂದು ಕೇಳುವವರಿದ್ದಾರೆ, ಅದು ಅಧಿಕಪ್ರಸಂಗ. ಹೊತ್ತಿಗೆ ಸರಿಯಾಗಿ ಊಟ ಹಾಕುವವರು ಯಾರು, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಮನೆ ಬದಲಿಸಿದರೆ ಏನು ಮಾಡುತ್ತೀರಿ ಎನ್ನುವುದಕ್ಕೆ ಉತ್ತರ ಹೇಳಲು ದುಡ್ಡು ಬೇಕಿಲ್ಲ.

ಕೆಂಚಿ ಕೊನೆಗೆ ಹೋದದ್ದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಟೈಲರ್ ಒಬ್ಬರ ಜೊತೆ. ‘ಚಳಿಗಾಲದಲ್ಲಿ ಆ ಕಾಲು ನೋಯುತ್ತಾ ಮೇಡಂ?’ ಎಂದು ಮೊದಲು ಅವರೇ ನನ್ನನ್ನು ಕೇಳಿದರು. ನನ್ನ ಪ್ರಶ್ನೆಗಳೆಲ್ಲ ಮುಗಿದು, ಒಪ್ಪಂದದ ಕಾಗದಕ್ಕೆ ಸಹಿ ಹಾಕಿದ ಮೇಲೆ, ‘ನಮ್ಮ ಓನರ್ ಹತ್ರಾನೂ ಒಂದು ಸಹಿ ಹಾಕಿಸ್ಕೊಳ್ಳಿ, ನಾಳೆ ತಕರಾರು ಬೇಡ’ ಎಂದು ಕಾಗದವನ್ನು ನನ್ನ ಕಡೆ ತಳ್ಳಿದರು.