ಹೃದಯಾಘಾತ: ಮೊದಲ ಗಂಟೆ ತಾಲ್ಲೂಕಿನಲ್ಲೇ ಗೆಲ್ಲಬೇಕು

2025ರ ಜುಲೈ ಮೊದಲ ವಾರಗಳಲ್ಲಿ ಬೆಂಗಳೂರು ಹಾಗೂ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ಮೃತಪಟ್ಟ ಸುದ್ದಿಯೇ ಈ ಧಾವಂತಕ್ಕೆ ಕಾರಣ. ಮೃತರಲ್ಲಿ ಯುವಕರೂ ಇದ್ದುದು ಭೀತಿಯನ್ನು ಹೆಚ್ಚಿಸಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲನೆ ನಡೆಸಿ, ಜಿಲ್ಲೆಯಲ್ಲಿ ಹೃದ್ರೋಗ ಪ್ರಕರಣಗಳು ಅಸಹಜವಾಗಿ ಏರಿಲ್ಲ, ಕೋವಿಡ್ ಲಸಿಕೆಗೂ ಸಾವುಗಳಿಗೂ ನಂಟಿಲ್ಲ ಎಂಬ ನಿರ್ಣಯಕ್ಕೆ ಬಂದಿತು.

ಆತಂಕವೇನೋ ತಣ್ಣಗಾಯಿತು. ಆದರೆ ಆ ಸಾಲುಗಳು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ಹೃದಯವೆಂದರೆ ರಾಜಧಾನಿಯ ದೊಡ್ಡಾಸ್ಪತ್ರೆಯೇ ಗತಿ ಎಂಬ ನಂಬಿಕೆ ಎಷ್ಟು ಸರಿ?

ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿ ರಕ್ತಸಂಚಾರ ನಿಂತರೆ, ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಆಂಜಿಯೋಪ್ಲಾಸ್ಟಿ ಮೂಲಕ ನಾಳ ತೆರೆಯುವುದು ಉತ್ತಮ ಮಾರ್ಗ. ಎರಡು ಗಂಟೆಯೊಳಗೆ ಅದು ಸಾಧ್ಯವಾಗದೆಡೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೊದಲು ನೀಡಬೇಕೆಂಬುದು ವೈದ್ಯಕೀಯ ನಿಯಮ. ಬೈಪಾಸ್ ಶಸ್ತ್ರಚಿಕಿತ್ಸೆಯಾದರೋ ಬಹುತೇಕ ದಿನ ಗೊತ್ತುಮಾಡಿ ನಡೆಸುವಂಥದು. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ದೂರ, ಸಕಲೇಶಪುರದವರಿಗೆ ಇನ್ನೂ 40 ಕಿ.ಮೀ. ಹೆಚ್ಚು. ರಾಜಧಾನಿಯನ್ನೇ ನಂಬಿ ಹೊರಟವರ ಅಮೂಲ್ಯ ಸಮಯ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ.

2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯಜ್ಯೋತಿ' ಯೋಜನೆಯ ಮಹತ್ವ ಇರುವುದು ಇಲ್ಲಿಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರಿಗೆ ತಲುಪುತ್ತದೆ. ಅವರ ಸಲಹೆಯಂತೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. ಹಾಸನದ ಘಟನೆಗಳ ನಂತರ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು.

ಆದರೆ ಔಷಧ ಕಪಾಟಿನಲ್ಲಿದ್ದ ಮಾತ್ರಕ್ಕೆ ಜೀವ ಉಳಿಯದು. ನಡುರಾತ್ರಿಯಲ್ಲೂ ಇಸಿಜಿ ತೆಗೆಯುವ ಸಿಬ್ಬಂದಿ ಹಾಗೂ ಅಳುಕದೆ ಚುಚ್ಚುಮದ್ದು ನೀಡುವ ವೈದ್ಯರು ಇರಬೇಕು. ಚುಚ್ಚುಮದ್ದು ಚಿಕಿತ್ಸೆಯ ಮುಕ್ತಾಯವೂ ಅಲ್ಲ. ಹೆಪ್ಪು ಕರಗದಿದ್ದರೆ ಕೂಡಲೇ, ಕರಗಿದರೂ 24 ಗಂಟೆಯೊಳಗೆ ರೋಗಿಯನ್ನು ಆಂಜಿಯೋಗ್ರಾಂ ಸೌಲಭ್ಯವಿರುವಲ್ಲಿಗೆ ಸಾಗಿಸಬೇಕು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಆ ಭಾಗದವರಿಗೆ ದೊಡ್ಡ ಆಸರೆ. ಆದರೂ ಬೀದರ್ ಅಥವಾ ರಾಯಚೂರಿನ ರೋಗಿ ಅಲ್ಲಿಗೆ ತಲುಪಲು ಸುಸಜ್ಜಿತ ಆಂಬುಲೆನ್ಸ್ ಬೇಕೇ ಬೇಕು.

ಜನರ ಪಾಲಿನ ಹೊಣೆಯೂ ಸಣ್ಣದಲ್ಲ. ಎದೆಯುರಿ, ಬೆವರು, ಎಡಗೈ ಸೆಳೆತವನ್ನು 'ಗ್ಯಾಸ್' ಎಂದು ಸೋಡಾ ಕುಡಿದು ಮಲಗುವವರು ಆ ಮೊದಲ ಗಂಟೆಯನ್ನು ಮನೆಯಲ್ಲೇ ಕಳೆದುಕೊಳ್ಳುತ್ತಾರೆ.

ಎಷ್ಟು ಹಾಸಿಗೆ, ಎಷ್ಟು ಶಸ್ತ್ರಚಿಕಿತ್ಸೆ ಎಂಬ ಲೆಕ್ಕವನ್ನು ನಮ್ಮ ಸರ್ಕಾರಗಳು ಸದಾ ಹೇಳುತ್ತಲೇ ಬಂದಿವೆ. ರೋಗಿ ಆಸ್ಪತ್ರೆಯ ಬಾಗಿಲು ಮುಟ್ಟಿದ ಎಷ್ಟು ನಿಮಿಷಕ್ಕೆ ಚುಚ್ಚುಮದ್ದು ದೊರೆಯಿತು ಎಂಬ ಲೆಕ್ಕವನ್ನೂ ತಾಲ್ಲೂಕುವಾರು ಪ್ರಕಟಿಸಲಿ. ಯೋಜನೆಯ ನಿಜವಾದ ನಾಡಿಬಡಿತ ಅಲ್ಲಿ ಕೇಳಿಸೀತು.