ರೀಲ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ನೆಲೆಸಿರುವ ಸಹೋದರಿಯರೇ, ಬಾಸ್ ಮೀನು ಹಿಡಿಯಲು ಸ್ಪಿನ್ನಿಂಗ್ ರೀಲ್ ಬೇಕೆಂದು ಮಗ ಹಟ ಹಿಡಿದಿದ್ದಾನೆಯೇ? ಗದರಿಸಬೇಡಿ. ಮೊಬೈಲ್ ಬಿಟ್ಟು ಕೆರೆಯ ದಂಡೆಗೆ ಹೋಗುವ ಹವ್ಯಾಸ ಒಳ್ಳೆಯದೇ. ಟೆಕ್ಸಾಸ್‌ನಲ್ಲಂತೂ 17 ವರ್ಷದೊಳಗಿನವರಿಗೆ ಮೀನು ಹಿಡಿಯಲು ಪರವಾನಗಿ ಬೇಕಿಲ್ಲ.

ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಕಲಿಯುವವರಿಗೆ ನೂರಾರು ಡಾಲರಿನ ರೀಲ್ ಬೇಡ. ತೀರಾ ಅಗ್ಗದ್ದೂ ಬೇಡ. ಅದರ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ಹದವಾಗಿ ಬಿಡುವ ಬ್ರೇಕ್, ತಡೆತಡೆದು ಬಿಟ್ಟರೆ ದಾರ ಹರಿದು ಮೀನು ಹೋಗುತ್ತದೆ. ಮಗುವಿನ ಉತ್ಸಾಹವೂ ಹೋಗುತ್ತದೆ. ಸುಮಾರು 50ರಿಂದ 70 ಡಾಲರಿನೊಳಗೆ ಬಾಳಿಕೆ ಬರುವ ರೀಲ್ ಸಿಗುತ್ತದೆ.

ಪೆಟ್ಟಿಗೆಯ ಮೇಲಿನ ಬೇರಿಂಗ್‌ಗಳ ಸಂಖ್ಯೆಗೆ ಮರುಳಾಗಬೇಡಿ. ಹತ್ತು ಕಳಪೆ ಬೇರಿಂಗ್‌ಗಳಿಗಿಂತ ಉತ್ತಮವಾದ ನಾಲ್ಕೈದು ಮೇಲು. ಅಂಗಡಿಯಲ್ಲೇ ಹಿಡಿಕೆ ತಿರುಗಿಸಿ ನೋಡಿ. ಕರಕರ ಎನ್ನಬಾರದು, ಅಲುಗಾಡಬಾರದು. ಡ್ರ್ಯಾಗ್ ಸಡಿಲಿಸಿ ಸ್ಪೂಲನ್ನು ಬೆರಳಿನಿಂದ ತಿರುಗಿಸಿ. ಎಲ್ಲೂ ತಡೆಯದೆ ಒಂದೇ ಸಮನೆ ತಿರುಗಬೇಕು. ಬಾಸ್ ಮೀನಿಗೆ 2500 ಅಳತೆಯ ರೀಲ್, 8 ಪೌಂಡಿನ ನೈಲಾನ್ ದಾರ ಸಾಕು.

ದಾರವನ್ನು ಸ್ಪೂಲಿನ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಕೆಳಗಿನವರೆಗೆ ಮಾತ್ರ ಸುತ್ತಿ. ಗಾಳ ಎಸೆದ ನಂತರ ದಾರ ಹಿಡಿಯುವ ತಂತಿಯನ್ನು ಕೈಯಿಂದಲೇ ಮುಚ್ಚಲು ಹೇಳಿಕೊಡಿ. ದಾರ ಸಿಕ್ಕಾಗುವುದು ಕಡಿಮೆ.

ಉಳಿದ ಹಣದಲ್ಲಿ ಬುತ್ತಿ ಕಟ್ಟಿ ನೀವೂ ಜೊತೆಗೆ ಹೋಗಿ. ಮಗನಿಗೆ ರೀಲಿಗಿಂತ ಹೆಚ್ಚು ಬೇಕಿರುವುದು ಪಕ್ಕದಲ್ಲಿ ಕೂರುವ ನೀವು.